ಚೆನ್ನಮ್ಮನ ಅಂಗರಕ್ಷಕನ ಕಥೆ ತೆರೆಗೆ ಬಂದರೆ ನಾಯಕ ಯಾರು: ಬಾಳಪ್ಪನೋ, ರಾಯಣ್ಣನೋ?

ಮಲಪ್ರಭೆಯ ದಂಡೆ

ಮೊನ್ನೆ ನಮ್ಮ ಅಕ್ಕನ ಮಗನ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇತ್ತು. ಚೆನ್ನಮ್ಮನ ವೇಷ ಹಾಕಿದ್ದ ಹುಡುಗಿಯ ಪಕ್ಕದಲ್ಲಿ ಇವನು ಹೆಗಲ ಮೇಲೆ ಕಂಬಳಿ ಹೊದ್ದು, ಕಾಡಿಗೆಯ ಮೀಸೆ ಬರೆಸಿಕೊಂಡು, ರಟ್ಟಿನ ಖಡ್ಗ ಹಿಡಿದು ನಿಂತಿದ್ದ. ನಿರೂಪಣೆ ಮಾಡುತ್ತಿದ್ದ ಶಿಕ್ಷಕಿ ಇವನನ್ನು "ರಾಣಿಯ ಅಂಗರಕ್ಷಕ ಸಂಗೊಳ್ಳಿ ರಾಯಣ್ಣ" ಎಂದು ಪರಿಚಯಿಸಿದರು. ಮನೆಗೆ ಬಂದ ಮೇಲೆ ಹುಡುಗ, "ಮಾಮಾ, ಅಂಗರಕ್ಷಕ ಅಂದರೆ ಯಾವಾಗಲೂ ಜೊತೆಗೇ ಇರಬೇಕಲ್ಲ, ಹಾಗಾದರೆ ರಾಣಿಯನ್ನು ಹಿಡಿದುಕೊಂಡು ಹೋಗುವಾಗ ರಾಯಣ್ಣ ಎಲ್ಲಿದ್ದ?" ಎಂದು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಅವನು ಊಟಕ್ಕೆ ಎದ್ದು ಹೋಗಿದ್ದ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಗುಂಡಿಟ್ಟು ಕೆಡವಿದವನು ಅಮಟೂರು ಬಾಳಪ್ಪ, ರಾಣಿಯ ಅಂಗರಕ್ಷಕ ಎಂದು ನಾವೆಲ್ಲ ಓದಿದ್ದೇವೆ. ಆದರೂ ಅಂಗರಕ್ಷಕ ಎಂದೊಡನೆ ಜನರ ಕಣ್ಣ ಮುಂದೆ ಬಂದು ನಿಲ್ಲುವವನು ರಾಯಣ್ಣ. 2012ರಲ್ಲಿ ದೊಡ್ಡ ಬಂಡವಾಳ ಹಾಕಿ ತೆಗೆದ ಚಿತ್ರದ ಹೆಸರೂ ರಾಯಣ್ಣನದೇ. ನಾಳೆ ಯಾರಾದರೂ ಯುದ್ಧಕಾಲದ ಒಬ್ಬ ರಾಣಿ ಮತ್ತು ಆಕೆಯ ನಂಬುಗೆಯ ಅಂಗರಕ್ಷಕ, ಇವರಿಬ್ಬರ ಮೇಲೆಯೇ ಕಣ್ಣಿಟ್ಟು ಒಂದು ಚಿತ್ರ ತೆಗೆದರೆ, ಆ ಅಂಗರಕ್ಷಕ ಯಾರಾಗಬೇಕು ಎಂಬುದು ನನ್ನ ಪ್ರಶ್ನೆ. ನನ್ನ ಮತ ಬಾಳಪ್ಪನಿಗೆ. ಕಾರಣಗಳನ್ನು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮದು ಬರಲಿ.

ಕಲ್ಮಠದ ಓಣಿ

ಈ ಪ್ರಶ್ನೆ ಕೇಳಿದ ಮೇಲೂ ಬೈಲಹೊಂಗಲದ ಸಂತೆಗೆ ಹೋಗುವ ಧೈರ್ಯ ನಿಮಗಿದ್ದರೆ ನಿಮ್ಮನ್ನೇ ಅಂಗರಕ್ಷಕರನ್ನಾಗಿ ಇಟ್ಟುಕೊಳ್ಳಬಹುದು.

ಹಳೆಯ ದಫ್ತರ

ತಮಾಷೆ ಬದಿಗಿರಲಿ. ರಾಯಣ್ಣ ಸಂಗೊಳ್ಳಿಯ ಶೇತಸನದಿ. ಆ ಹುದ್ದೆಯ ಅರ್ಥ ತಿಳಿಯದೆ ಈ ಚರ್ಚೆ ಮುಂದೆ ಹೋಗುವುದಿಲ್ಲ. ಶೇತಸನದಿ ಎಂದರೆ ಊರಿನ ಕಾವಲು ಕಾಯುವವನು. ಕಳ್ಳಕಾಕರ ಮೇಲೆ ನಿಗಾ ಇಡುವುದು, ಕಂದಾಯದ ಹಣ ಸಾಗಿಸುವಾಗ ಜೊತೆಗೆ ಹೋಗುವುದು, ಸಂಸ್ಥಾನ ಕರೆದಾಗ ಆಯುಧ ಹಿಡಿದು ಹಾಜರಾಗುವುದು ಅವನ ಕೆಲಸ. ಇದಕ್ಕೆ ಪ್ರತಿಯಾಗಿ ಅವನಿಗೆ ಸಿಗುತ್ತಿದ್ದುದು ಸಂಬಳವಲ್ಲ, ಜಮೀನು. ಕಿತ್ತೂರು ಬಿದ್ದ ಮೇಲೆ ಕಂಪನಿಯವರು ಇಂಥ ಜಮೀನುಗಳ ಮೇಲೆ ಕೈಯಿಟ್ಟರು, ಕಂದಾಯ ಹೇರಿದರು. ರಾಯಣ್ಣನ ದಂಡಿನಲ್ಲಿ ಇನ್ನೂ ಹಲವು ಶೇತಸನದಿಗಳು ಸೇರಿಕೊಂಡದ್ದು ಇದೇ ಕಾರಣಕ್ಕೆ.

ಆದ್ದರಿಂದ ಅವನನ್ನು ಅರಮನೆಯ ಬಾಗಿಲಲ್ಲಿ ಭರ್ಜಿ ಹಿಡಿದು ನಿಲ್ಲಿಸಿದರೆ ಅವನ ದೊಡ್ಡತನ ಹೆಚ್ಚುವುದಿಲ್ಲ, ಕುಗ್ಗುತ್ತದೆ. ಅವನು ಹೊಲವಿದ್ದ ಮನುಷ್ಯ, ಊರಿದ್ದ ಮನುಷ್ಯ. 1830ರ ಆರಂಭದಲ್ಲಿ ಬೀಡಿ ಎಂಬ ಊರಿನ ಸರ್ಕಾರಿ ಕಚೇರಿಗೆ ಬೆಂಕಿ ಬಿದ್ದಾಗ ಸುಟ್ಟದ್ದು ಬರಿಯ ಚಾವಣಿಯಲ್ಲ, ಕಂದಾಯದ ಕಾಗದಪತ್ರ ಕೂಡ ಎಂಬುದನ್ನು ಯಾವ ಚಿತ್ರಕಾರನೂ ಮರೆಯಬಾರದು.

ಬೈಲಹೊಂಗಲದ ಅಕ್ಕ

ದಫ್ತರದ ಅಣ್ಣನವರೇ, ನಿಮ್ಮ ಮಾತು ಸರಿ ಇದೆ, ಆದರೆ ಕಾಗದವೊಂದನ್ನೇ ನಂಬಿದರೆ ಅರ್ಧ ಕಥೆ ಕೈತಪ್ಪುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಗೀಗೀ ಮೇಳದವರು ರಾತ್ರಿಯಿಡೀ ಹಾಡುತ್ತಿದ್ದರು. ಮುಮ್ಮೇಳದವನು ದಪ್ಪು ಬಡಿದು ಒಂದು ನುಡಿ ಎತ್ತಿಕೊಟ್ಟರೆ, ತುಂತುಣಿ ಹಿಡಿದವನು ಅದನ್ನು ಜಗ್ಗಿ "ಗೀಯ ಗಾ ಗೀಯ" ಎಂದು ಸೊಲ್ಲು ಸೇರಿಸುತ್ತಿದ್ದ. ರಾಯಣ್ಣನನ್ನು ಹಿಡಿದುಕೊಡುವ ಭಾಗ ಬಂದಾಗ ನಮ್ಮ ಅಜ್ಜಿ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಎಷ್ಟು ವರ್ಷ ಕೇಳಿದರೂ ಆ ಭಾಗವನ್ನು ಮಾತ್ರ ಅವಳು ಕೂತು ಕೇಳಲಿಲ್ಲ.

ಆ ಹಾಡುಗಳಲ್ಲಿ ರಾಯಣ್ಣ "ಬಂಟ". ಬಂಟ ಬೇರೆ, ಅಂಗರಕ್ಷಕ ಬೇರೆ. ಅಂಗರಕ್ಷಕ ಒಡೆಯನ ಮೈ ಕಾಯುತ್ತಾನೆ. ಬಂಟ ಒಡೆಯನ ಮಾತು ಕಾಯುತ್ತಾನೆ, ಒಡೆಯ ಎದುರಿಗಿರಲಿ ಇಲ್ಲದಿರಲಿ. ನಿಮ್ಮ ಅಳಿಯನ ಪ್ರಶ್ನೆಗೆ ಹಾಡಿನವರು ಆಗಲೇ ಉತ್ತರ ಕೊಟ್ಟುಬಿಟ್ಟಿದ್ದಾರೆ: ರಾಣಿ ನಮ್ಮೂರಿನ ಸೆರೆಯಲ್ಲಿದ್ದಾಗ ರಾಯಣ್ಣ ವೇಷ ಮರೆಸಿಕೊಂಡು ಬಂದು ಆಕೆಯ ಕಾಲಿಗೆ ಬಿದ್ದು ಹೋದ ಎಂದು ಹಾಡುತ್ತಾರೆ. ತೆರೆಯ ಮೇಲೆ ಆ ಒಂದು ಭೇಟಿ ಸಾಕು, ಹತ್ತು ಯುದ್ಧ ಬೇಡ.

ತೋಪಿನ ಗಾಡಿ

ಆ ಭೇಟಿ ಚಂದ, ಆದರೆ ಅಕ್ಕನವರು ಕಾಲಾನುಕ್ರಮವನ್ನು ಒಮ್ಮೆ ನೋಡಬೇಕು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ರಾಯಣ್ಣನ ಬಂಡಾಯ ಬಿರುಸಾದದ್ದು ಆ ವರ್ಷದ ಕೊನೆಗೆ ಮತ್ತು 1830ರ ಮೊದಲ ತಿಂಗಳುಗಳಲ್ಲಿ. ಅಂದರೆ ಅವನು ಅತಿ ದೊಡ್ಡ ಹೋರಾಟ ಮಾಡಿದ್ದು ರಾಣಿ ಇಲ್ಲವಾದ ಮೇಲೆ, ಆಕೆಯ ಮನೆತನ ದತ್ತು ತೆಗೆದುಕೊಂಡಿದ್ದ ಶಿವಲಿಂಗಪ್ಪನ ಹೆಸರಿನಲ್ಲಿ. ಕಾಯಬೇಕಾದ ಒಡತಿಯೇ ಇಲ್ಲದಿರುವಾಗ ಅಂಗರಕ್ಷಕ ಎಂಬ ಮಾತಿಗೆ ಏನು ಅರ್ಥ?

ಇನ್ನೊಂದು ವಿಷಯ, ಬಂದೂಕಿನದು. ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ನಾಯಕ ಒಂದೇ ಉಸಿರಿಗೆ ನಾಲ್ಕು ಗುಂಡು ಹಾರಿಸುತ್ತಾನೆ. ಬಾಳಪ್ಪನ ಕೈಯಲ್ಲಿ ನಾಡಿನ ಬತ್ತಿ ಬಂದೂಕು ಇತ್ತೆಂದು ಇಟ್ಟುಕೊಳ್ಳಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಬಿಡಬೇಕು, ಗಜದಿಂದ ಜಡಿಯಬೇಕು, ಕಿವಿಯ ಬಟ್ಟಲಲ್ಲಿ ಸಣ್ಣ ಮದ್ದು ಉದುರಿಸಬೇಕು, ಉರಿಯುವ ಬತ್ತಿಯನ್ನು ಊದಿ ಕೆಂಪಗೆ ಇಟ್ಟುಕೊಳ್ಳಬೇಕು. ಪಳಗಿದ ಕೈಗೂ ಇದಕ್ಕೆ ಅರ್ಧ ನಿಮಿಷ ಬೇಕು. ಗದ್ದಲದ ನಡುವೆ ಅವನಿಗೆ ಸಿಗುವುದು ಒಂದೇ ಗುಂಡು. ಗುರಿ ತಪ್ಪಿದರೆ ಕೈಯಲ್ಲಿ ಉಳಿಯುವುದು ಬಡಿಗೆ. ಈ ಅರ್ಧ ನಿಮಿಷವನ್ನು ಕತ್ತರಿ ಹಾಕದೆ ತೋರಿಸುವ ಎದೆಗಾರಿಕೆ ಇರುವ ನಿರ್ದೇಶಕ ಸಿಕ್ಕರೆ ನನ್ನ ಮತವೂ ಬಾಳಪ್ಪನಿಗೇ.

ರೀಲಿನ ಡಬ್ಬಿ

ಚಲನಚಿತ್ರದ ಕಡೆಯಿಂದ ಎರಡು ಮಾತು. 1961ರ ಕಿತ್ತೂರು ಚೆನ್ನಮ್ಮ ಚಿತ್ರವನ್ನು ನಿರ್ದೇಶಿಸಿದವರು ಬಿ.ಆರ್. ಪಂತುಲು, ಬಿ. ಸರೋಜಾದೇವಿ ರಾಣಿ, ರಾಜಕುಮಾರ್ ಆಕೆಯ ಗಂಡ ಮಲ್ಲಸರ್ಜ. ಇದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಪಂತುಲು ಅವರೇ ತಮಿಳಿನಲ್ಲಿ ಕಟ್ಟಬೊಮ್ಮನ್ ಕುರಿತ ಚಿತ್ರವನ್ನು ಶಿವಾಜಿ ಗಣೇಶನ್ ಅವರೊಂದಿಗೆ ತೆಗೆದಿದ್ದರು. ಎರಡನ್ನೂ ನೋಡಿದವರಿಗೆ ಕಪ್ಪ ಕೇಳುವ ದೃಶ್ಯಗಳ ನೆಂಟಸ್ತಿಕೆ ಹೇಳಿಕೊಡಬೇಕಿಲ್ಲ. ಆ ದೃಶ್ಯದ ಪ್ರಭಾವ ಎಷ್ಟೆಂದರೆ, ಕಿತ್ತೂರಿನ ಯುದ್ಧ ಕಪ್ಪದ ಸಲುವಾಗಿ ನಡೆಯಿತೆಂದೇ ಕರ್ನಾಟಕದ ಮುಕ್ಕಾಲು ಪಾಲು ಜನ ನಂಬಿದ್ದಾರೆ. ನಿಜವಾಗಿ 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿಯ ಜೊತೆ ನಿಂತಿದ್ದ ಸಂಸ್ಥಾನ ಅದು, ಕಂಪನಿಗೆ ಕಪ್ಪ ಸಲ್ಲಿಸುತ್ತಲೂ ಇತ್ತು. 1824ರ ಸೆಪ್ಟೆಂಬರಿನಲ್ಲಿ ಅಲ್ಲಿಯ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಜಗಳ ಹತ್ತಿದ್ದು ಅಲ್ಲಿ.

ಸಿನಿಮಾದವನಾಗಿ ಹೇಳುತ್ತೇನೆ, ಮೊಹರು ಹಾಕಿದ ಬೀಗವನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಕಷ್ಟ, ಕಪ್ಪ ಕೇಳಿಸಿ ಗಿಟ್ಟಿಸುವುದು ಸುಲಭ. ಪಂತುಲು ಸುಲಭದ ದಾರಿ ಹಿಡಿದರೆಂದು ನಾನು ಬೈಯುವುದಿಲ್ಲ. ಅಂದ ಹಾಗೆ, ಚೆನ್ನಮ್ಮ ಹುಟ್ಟಿದ್ದು 1778 ಎಂದು ಹಿಡಿದರೆ ಯುದ್ಧದ ಹೊತ್ತಿಗೆ ಆಕೆಗೆ ನಲವತ್ತಾರು ವರ್ಷ. ಸರೋಜಾದೇವಿ ಆಗ ಇಪ್ಪತ್ತರ ಹರೆಯದವರು. 2012ರ ಚಿತ್ರದಲ್ಲಿ ಜಯಪ್ರದಾ ಅವರನ್ನು ತಂದಾಗ ವಯಸ್ಸಿನ ಮಟ್ಟಿಗಾದರೂ ಚರಿತ್ರೆಗೆ ಹತ್ತಿರವಾದರು.

ಪೆಟ್ಟಿ ಮಾಸ್ತರ

ದಫ್ತರ, ಕಾಲಾನುಕ್ರಮ, ಬಂದೂಕಿನ ಕಿವಿ, ನಾಯಕಿಯ ವಯಸ್ಸು! ಇಷ್ಟನ್ನೂ ನಿರ್ಮಾಪಕನ ಮುಂದೆ ಇಟ್ಟರೆ ಅವನು ಚಹಾ ಕುಡಿಸಿ, ಪ್ರೇಮಕಥೆ ಇದ್ದರೆ ತನ್ನಿ ಎಂದು ಕಳುಹಿಸುತ್ತಾನೆ. ದೊಡ್ಡಾಟದಲ್ಲಿ ಹಾರ್ಮೋನಿಯಂ ಬಾರಿಸಿದವನು ನಾನು. ನಮ್ಮಲ್ಲಿ ರಾಯಣ್ಣ ರಂಗಕ್ಕೆ ಬಂದ ಕೂಡಲೇ ಹೆಂಗಸರ ಕಡೆಯಿಂದ ಆರತಿ ತಟ್ಟೆ ಬರುತ್ತಿತ್ತು. ಆ ಜಾಗಕ್ಕೆ ಬಾಳಪ್ಪನನ್ನು ತರುತ್ತೇನೆಂದರೆ ಮೇಳದ ಗಾಡಿಗೆ ಬಾಡಿಗೆ ಹುಟ್ಟುವುದಿಲ್ಲ.

ಹಳೆಯ ದಫ್ತರ

ಮಾಸ್ತರರೇ, ರಾಯಣ್ಣನನ್ನು ಇಳಿಸಿ ಬಾಳಪ್ಪನನ್ನು ಕೂರಿಸಿ ಎಂದು ಇಲ್ಲಿ ಯಾರೂ ಹೇಳಿಲ್ಲ. ಇಬ್ಬರು ಮನುಷ್ಯರನ್ನು ಒಬ್ಬನನ್ನಾಗಿ ಬೆಸೆಯಬೇಡಿ ಎಂಬುದಷ್ಟೇ ನಮ್ಮ ತಕರಾರು.

ಸಾಲುಮರ

ನನ್ನದು ಬೇರೆಯೇ ಸಲಹೆ, ಬೈಯಬೇಡಿ. ಆ ದಿನ ಥ್ಯಾಕರೆ ಸತ್ತ, ಬ್ಲ್ಯಾಕ್, ಡೈಟನ್ ಮುಂತಾದ ಸೇನಾಧಿಕಾರಿಗಳು ಸತ್ತರು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಸೆರೆಸಿಕ್ಕರು. ಆ ಎಲಿಯಟ್ ಬೇರೆ ಯಾರೂ ಅಲ್ಲ, ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ, ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಬರೆದ ವಾಲ್ಟರ್ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷ. ಯುದ್ಧವೆಲ್ಲ ಮುಗಿಯುವ ಮುನ್ನ, ಸುಮಾರು ಆರು ವಾರ ಅವನು ಕಿತ್ತೂರಿನವರ ವಶದಲ್ಲಿದ್ದ, ಮತ್ತು ಅವರು ಅವನನ್ನು ಚೆನ್ನಾಗಿಯೇ ನಡೆಸಿಕೊಂಡರು. ತನ್ನ ಮೇಲಧಿಕಾರಿಯನ್ನು ಕೊಂದವನು ಬಾಗಿಲಾಚೆ ಓಡಾಡುವುದನ್ನು ಒಬ್ಬ ಹುಡುಗ ಸೆರೆಯಿಂದ ನೋಡುತ್ತಾನೆ. ಬಾಳಪ್ಪನ ಕಥೆಯನ್ನು ಅವನ ಕಣ್ಣಿನಿಂದ ಹೇಳಿದರೆ ಹೇಗೆ?

ಕಲ್ಮಠದ ಓಣಿ

ಚೆನ್ನಮ್ಮನ ಕಥೆಗೂ ಒಬ್ಬ ಬಿಳಿಯನ ಕಣ್ಣು ಬೇಕೇ ಸ್ವಾಮಿ? ಸತ್ತ ಥ್ಯಾಕರೆ ಒಬ್ಬ ದೊಡ್ಡ ಇಂಗ್ಲಿಷ್ ಕಾದಂಬರಿಕಾರನ ಚಿಕ್ಕಪ್ಪ. ಹೇಳುವುದಿದ್ದರೆ ಅವರ ಮನೆಯಲ್ಲೇ ಬರೆಯುವವರಿದ್ದರು. ನಮ್ಮ ಕಥೆಯನ್ನು ನಮ್ಮ ಕಡೆ ನಿಂತು ಹೇಳಿ.

ಸಾಲುಮರ

ಬಿಳಿಯನನ್ನು ನಾಯಕ ಮಾಡಿ ಎಂದು ನಾನು ಹೇಳಲಿಲ್ಲ. ಸೆರೆಯಾಳನ್ನು ಕೊಲ್ಲದೆ ಉಳಿಸಿಕೊಂಡ ರಾಣಿಯ ಘನತೆಯನ್ನು ಶತ್ರುವಿನ ಬಾಯಿಂದ ಕೇಳಿದರೆ ತೂಕ ಹೆಚ್ಚು, ಅಷ್ಟೇ. ಆದರೂ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ. ಎಲಿಯಟ್ ಒಂದು ಪಾತ್ರವಾಗಿದ್ದರೆ ಸಾಕು.

ಗಂಜಾಮಿನ ಅಂಚು

ಶ್ರೀರಂಗಪಟ್ಟಣದವನಾಗಿ ಒಂದು ಮಾತು ಸೇರಿಸುತ್ತೇನೆ, ವಿಷಯ ಬಿಟ್ಟು ದೂರ ಹೋಗುವುದಿಲ್ಲ. 1799ರ ಮೇ 4ರಂದು ಟಿಪ್ಪು ಕೋಟೆಯ ದಿಡ್ಡಿಬಾಗಿಲಲ್ಲಿ ಸಿಕ್ಕಿಬಿದ್ದಾಗ ಜೊತೆಯಲ್ಲಿ ಉಳಿದವನು ರಾಜಾ ಖಾನ್ ಎಂಬ ಆಪ್ತ ಸೇವಕ. ತಾವು ಯಾರೆಂದು ಇಂಗ್ಲಿಷರಿಗೆ ತಿಳಿಸಿಬಿಡಿ, ಜೀವವಾದರೂ ಉಳಿಯುತ್ತದೆ ಎಂದು ಅವನು ಹೇಳಿದ, ಸುಲ್ತಾನ ಒಪ್ಪಲಿಲ್ಲ. ಆ ರಾತ್ರಿ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕುತ್ತಿದ್ದವರಿಗೆ ಒಡೆಯ ಬಿದ್ದ ಜಾಗವನ್ನು ತೋರಿಸಿದವನೂ ಗಾಯಗೊಂಡು ಮಲಗಿದ್ದ ಇವನೇ.

ಇವನ ಮೇಲೆ ಲಾವಣಿ ಹುಟ್ಟಲಿಲ್ಲ, ಏಕೆಂದರೆ ಇವನು ಸಾಯಲಿಲ್ಲ, ಯಾರನ್ನೂ ಕೊಂದು ಹೆಸರು ಮಾಡಲಿಲ್ಲ. ಆದರೆ ಅಂಗರಕ್ಷಕನ ಬದುಕು ಎಂದರೆ ಇದೇ ಅಲ್ಲವೇ? ಒಡೆಯನಿಗೆ ಇಷ್ಟವಿಲ್ಲದ ಮಾತನ್ನು ಕಿವಿಯಲ್ಲಿ ಹೇಳುವ ಸಲುಗೆ ಇರುವವನು ಅವನೊಬ್ಬನೇ. ಬಾಳಪ್ಪನ ಪಾತ್ರ ಬರೆಯುವವರು ಗುಂಡು ಹಾರಿಸುವ ದೃಶ್ಯಕ್ಕಿಂತ ಮೊದಲು ಅವನು ರಾಣಿಗೆ ಒಮ್ಮೆಯಾದರೂ ಎದುರಾಡುವ ದೃಶ್ಯ ಬರೆಯಲಿ.

ಥೇಮ್ಸ್ ಮಂಜು

ಗಂಜಾಮಿನವರ ಮಾತು ಓದಿ ಇಲ್ಲಿಯ ಒಂದು ಉದಾಹರಣೆ ನೆನಪಾಯಿತು. ಚರ್ಚಿಲ್ ಅವರ ಅಂಗರಕ್ಷಕ ವಾಲ್ಟರ್ ಥಾಂಪ್ಸನ್ ಸ್ಕಾಟ್ಲೆಂಡ್ ಯಾರ್ಡಿನ ಪತ್ತೇದಾರ. 1921ರಿಂದ ಬಹಳ ವರ್ಷ ಕಾವಲಿದ್ದು, ನಿವೃತ್ತನಾಗಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದವನನ್ನು 1939ರಲ್ಲಿ ಚರ್ಚಿಲ್ ಮತ್ತೆ ಕರೆಸಿಕೊಂಡರು. ಯುದ್ಧ ಮುಗಿಯುವವರೆಗೂ ಅವನು ನೆರಳಿನಂತೆ ಇದ್ದ. ಬಾಂಬು ಬೀಳುವಾಗ ಮಹಡಿಯ ಮೇಲೆ ಹತ್ತಿ ನೋಡಬೇಕೆನ್ನುವ ಪ್ರಧಾನಿಯನ್ನು ಕೆಳಗಿಳಿಸುವುದೇ ಅವನಿಗೆ ದೊಡ್ಡ ಕೆಲಸವಾಗಿತ್ತು. ಸಕ್ಕರೆ ತೂಗುತ್ತಿದ್ದ ಕೈ ಮತ್ತೆ ಪಿಸ್ತೂಲು ಹಿಡಿಯಿತು ಎಂಬ ಒಂದು ವಿವರದಿಂದ ಆ ಮನುಷ್ಯ ನನಗೆ ಹತ್ತಿರವಾದ. ಬಾಳಪ್ಪನಿಗೂ ಅಮಟೂರಿನಲ್ಲಿ ಒಂದು ಮನೆ, ಒಂದು ಜೋಡಿ ಎತ್ತು, ಸುಗ್ಗಿಗೆ ಬಾ ಎಂದು ಹೇಳಿಕಳುಹಿಸುವ ತಾಯಿ ಇದ್ದಂತೆ ಬರೆಯಬೇಕು. ಕಲ್ಪಿಸುವುದಾದರೆ ಇಂಥದ್ದನ್ನು ಕಲ್ಪಿಸಲಿ, ದಿನಾಂಕಗಳನ್ನಲ್ಲ.

ತೋಪಿನ ಗಾಡಿ

ಕಿರಾಣಿ ಅಂಗಡಿಯ ವಿವರ ಬಹಳ ಹಿಡಿಸಿತು. ಇದನ್ನು ಓದಿದ ನಿರ್ಮಾಪಕ ಬಾಳಪ್ಪನಿಗೂ ಅಂಗಡಿ ಹಾಕಿಸದಿದ್ದರೆ ಸಾಕು.

ಖಾನಾಪುರದ ಕಾಡು

ಎಲ್ಲರೂ ಬಾಳಪ್ಪನ ಕಡೆಗೆ ವಾಲುತ್ತಿರುವುದರಿಂದ ರಾಯಣ್ಣನ ಕಡೆಯವನಾಗಿ ನಾನು ಮಾತಾಡಲೇಬೇಕು. ನಮ್ಮ ಮನೆಯಿಂದ ನಂದಗಡಕ್ಕೆ ದೂರವಿಲ್ಲ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ ಊರು ಅದು. ಅವನ ನೆನಪಿನ ಆಲದ ಮರಕ್ಕೆ ಮಕ್ಕಳಾಗದವರು ಇವತ್ತಿಗೂ ಬಂದು ಸಣ್ಣ ಮರದ ತೊಟ್ಟಿಲು ಕಟ್ಟುತ್ತಾರೆ. ಮಳೆಗೆ ಬಣ್ಣ ಹೋದ ಹಳೆಯ ತೊಟ್ಟಿಲುಗಳ ಪಕ್ಕದಲ್ಲೇ ಅರಿಸಿನ ಹಚ್ಚಿದ ಹೊಸ ತೊಟ್ಟಿಲು ತೂಗುತ್ತಿರುತ್ತದೆ. ನೇಣಿಗೆ ಹೋದ ಮನುಷ್ಯನ ಬಳಿ ಬಂದು ಮಗು ಕೇಳುವ ಜನರ ಮುಂದೆ, ನಿಮ್ಮ ರಾಯಣ್ಣ ಅಂಗರಕ್ಷಕನಲ್ಲ, ಬರಿಯ ಶೇತಸನದಿ ಎಂದು ಹೇಳಿ ನೋಡಿ. ಅವರು ನಿಮ್ಮೊಂದಿಗೆ ಜಗಳ ಮಾಡುವುದಿಲ್ಲ, ತೊಟ್ಟಿಲು ಕಟ್ಟುವುದನ್ನು ಮುಂದುವರಿಸುತ್ತಾರೆ.

ಅಂಗರಕ್ಷಕ ಎಂಬ ಹುದ್ದೆ ಅವನದಾಗಿರಲಿಲ್ಲ ಎಂಬುದನ್ನು ಒಪ್ಪೋಣ. ಆದರೆ ಒಡತಿ ಸತ್ತ ಮೇಲೆ, ಕೋಟೆ ಹೋದ ಮೇಲೆ, ಸಂಬಳ ಕೊಡುವವರು ಯಾರೂ ಇಲ್ಲದ ಮೇಲೆ, ಸಂಪಗಾವಿಯಿಂದ ನಮ್ಮ ಕಾಡಿನವರೆಗೆ ಓಡಾಡಿ ಕಾದಿದವನ ನಿಷ್ಠೆಯನ್ನು ಬಿಟ್ಟು, ಸಂಬಳದ ಕಾವಲಿನವನ ನಿಷ್ಠೆಯ ಮೇಲೆ ಚಿತ್ರ ತೆಗೆಯಿರಿ ಎಂದರೆ ನನಗೆ ಸರಿಕಾಣುವುದಿಲ್ಲ.

ಬೈಲಹೊಂಗಲದ ಅಕ್ಕ

ಕಾಡಿನ ತಮ್ಮಾ, ನನ್ನ ಮನಸ್ಸಿನಲ್ಲಿದ್ದುದನ್ನೇ ಬರೆದೆ. ಆದರೆ "ಸಂಬಳದ ಕಾವಲಿನವ" ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊ. ಎದುರಿಗೆ ತೋಪು ಹೂಡಿ, ಬಾಗಿಲು ತೆರೆಯಲು ಇಷ್ಟೇ ನಿಮಿಷ ಎಂದು ಎಣಿಸುತ್ತಿರುವಾಗ ದಿಢೀರನೆ ಬಾಗಿಲು ತೆಗೆದು ಹೊರಗೆ ನುಗ್ಗಿದ ಜನ ಅವರು. ಸಂಬಳಕ್ಕಾಗಿ ಯಾರೂ ಹಾಗೆ ನುಗ್ಗುವುದಿಲ್ಲ.

ಖಾನಾಪುರದ ಕಾಡು

ತಪ್ಪಾಯಿತು ಅಕ್ಕಾ, ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಪೆಟ್ಟಿ ಮಾಸ್ತರ

ಮದ್ದಿನಲ್ಲಿ ಸಗಣಿ ಬೆರೆಸಿದ ದ್ರೋಹಿಗಳ ಬಗ್ಗೆ ಇದುವರೆಗೆ ಯಾರೂ ಬಾಯಿ ಬಿಟ್ಟಿಲ್ಲವಲ್ಲ! ದೊಡ್ಡಾಟದಲ್ಲಿ ಆ ಪ್ರಸಂಗಕ್ಕೆ ಅರ್ಧ ತಾಸು ಮೀಸಲು. ಮಲ್ಲಪ್ಪಶೆಟ್ಟಿಯ ಪಾತ್ರ ಮಾಡಿದವನಿಗೆ ಮರುದಿನ ಊರಿನಲ್ಲಿ ಯಾರೂ ಚಹಾ ಕೊಡುತ್ತಿರಲಿಲ್ಲ, ನಮ್ಮ ಬಿಡಾರಕ್ಕೇ ಬಂದು ಕುಡಿಯುತ್ತಿದ್ದ ಪಾಪ.

ಹಳೆಯ ದಫ್ತರ

ಅದು ಹಾಡಿನ, ಆಟದ ಮಾತು, ಅಲ್ಲಿಯೇ ಚೆನ್ನ. ಡಿಸೆಂಬರಿನಲ್ಲಿ ಕಂಪನಿ ತಂದ ಸೈನ್ಯದ ಗಾತ್ರ ನೋಡಿದರೆ, ಮದ್ದು ಶುದ್ಧವಾಗಿದ್ದರೂ ಕೋಟೆ ಹೆಚ್ಚು ದಿನ ನಿಲ್ಲುವಂತಿರಲಿಲ್ಲ. ಕಿತ್ತೂರಿನ ಕೋಟೆ ಬೆಟ್ಟದ ಮೇಲಿಲ್ಲ, ಬಯಲಿನಲ್ಲಿದೆ. ಸುತ್ತ ಕಂದಕ, ಗೋಡೆ, ಅಷ್ಟೇ. ಆದರೂ ಕಿತ್ತೂರಿನವರು ಕಾದಿದರು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಅವರ ಸಂಬಂಧಿ, ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತದ್ದು ಆ ಎರಡನೆಯ ಕಾಳಗದಲ್ಲೇ. ಸೋಲಿಗೆ ಸದಾ ಒಬ್ಬ ದ್ರೋಹಿಯನ್ನು ಹುಡುಕುವ ನಮ್ಮ ಚಿತ್ರಗಳ ಚಾಳಿ, ಕಾದು ಸೋತವರಿಗೆ ಮಾಡುವ ಅನ್ಯಾಯ ಎಂದು ನನಗನ್ನಿಸುತ್ತದೆ.

ಮಲಪ್ರಭೆಯ ದಂಡೆ

ಎಲ್ಲರ ಮಾತನ್ನೂ ಓದಿದೆ. ನನ್ನ ಕಾರಣ ಹೇಳುತ್ತೇನೆಂದಿದ್ದೆ. ಅಕ್ಟೋಬರ್ 23ರಿಂದ ಡಿಸೆಂಬರ್ ಮೊದಲ ವಾರದವರೆಗಿನ ಆರು ವಾರ ಮಾತ್ರ ಚಿತ್ರದ ಕಾಲವಾಗಬೇಕು. ಗೆದ್ದ ಮರುದಿನ ಬೆಳಿಗ್ಗೆ ಕಿತ್ತೂರಿನವರೆಲ್ಲ ಬಾಳಪ್ಪನನ್ನು ಹೊತ್ತು ಕುಣಿಯುವಾಗ, ಇನ್ನು ಕಂಪನಿ ಸುಮ್ಮನಿರುವುದಿಲ್ಲ ಎಂದು ತಿಳಿದ ರಾಣಿ ಅವನ ಮುಖ ನೋಡುತ್ತಾಳೆ. ಆ ಗುಂಡು ಆಕೆಯನ್ನು ಉಳಿಸಿತೋ, ಆಕೆಯ ಸೆರೆಗೆ ದಾರಿ ಮಾಡಿತೋ ಎಂಬ ಪ್ರಶ್ನೆ ಇಬ್ಬರ ನಡುವೆ ಆರು ವಾರ ಉಳಿಯುತ್ತದೆ. ಇಂಥ ಇಕ್ಕಟ್ಟು ಬಾಳಪ್ಪನಿಗೆ ಮಾತ್ರ ಇದೆ, ರಾಯಣ್ಣನಿಗೆ ಇಲ್ಲ. ರಾಯಣ್ಣ ಬೇಕೆನ್ನುವವರಿಗೆ ಒಂದು ಮಾತು: ಕೋಟೆ ಬಿದ್ದ ಮೇಲೆ ಸೆರೆಯಾದ ಸಾಲಿನಲ್ಲಿ ಒಬ್ಬ ಶೇತಸನದಿ ನಿಂತಿರುತ್ತಾನೆ, ಯಾರೂ ಅವನ ಹೆಸರು ಕರೆಯುವುದಿಲ್ಲ, ಆದರೂ ಕ್ಯಾಮೆರಾ ಅವನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಷ್ಟು ಸಾಕು, ಚಿತ್ರಮಂದಿರದಲ್ಲಿ ಕೂತವರಿಗೆ ಅವನು ಯಾರೆಂದು ಗೊತ್ತು.

ರೀಲಿನ ಡಬ್ಬಿ

ಆ ಕೊನೆಯ ದೃಶ್ಯಕ್ಕೆ ಶಿಳ್ಳೆ ಖಂಡಿತ. ಮಾಸ್ತರರ ಆರತಿ ತಟ್ಟೆಯೂ ಬರಬಹುದು.

ಖಾನಾಪುರದ ಕಾಡು

ಹಾಗಿದ್ದರೆ ನನ್ನ ಆಕ್ಷೇಪ ಅರ್ಧ ಕಡಿಮೆಯಾಯಿತು. ಉಳಿದರ್ಧ ಚಿತ್ರ ನೋಡಿದ ಮೇಲೆ.

ಮಲಪ್ರಭೆಯ ದಂಡೆ

ಇಲ್ಲಿಯದನ್ನೆಲ್ಲ ಅಳಿಯನಿಗೆ ಓದಿ ಹೇಳಿದ್ದರ ಫಲವಾಗಿ, ರಾಜ್ಯೋತ್ಸವಕ್ಕೆ ತಾನು ಬಾಳಪ್ಪನಾಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ರಾಯಣ್ಣನ ವೇಷವಾದರೆ ಪೇಟೆಯಲ್ಲಿ ಬಾಡಿಗೆಗೆ ಸಿಗುತ್ತದೆ, ಬಾಳಪ್ಪನ ವೇಷ ಕೇಳಿದರೆ ಅಂಗಡಿಯವರು ಅದು ಯಾವ ಧಾರಾವಾಹಿ ಎಂದು ಕೇಳುತ್ತಿದ್ದಾರೆ. ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾಳೆ.

ತೋಪಿನ ಗಾಡಿ

ಧೋತರ, ಅಂಗಿ, ಪಟಗ, ಸೊಂಟಕ್ಕೆ ಬಿಗಿದ ನಡುಕಟ್ಟು ಸಾಕು. ಬಂದೂಕಿಗೆ ಒಂದು ಪೈಪು, ಬತ್ತಿಗೆ ಗೋಣಿಯ ಹುರಿ. ಹುರಿಯ ತುದಿಗೆ ಕುಂಕುಮ ಹಚ್ಚಿ ಕೆಂಪು ಮಾಡಿ, ನಿಜವಾದ ಬೆಂಕಿ ಮಾತ್ರ ಹಚ್ಚಬೇಡಿ.